ಕ್ರಾಸಿಂಗ್ ಮಾಡುವ ಕೈಗಳನ್ನೂ ವೇದಿಕೆಗೆ ಕರೆಯಿರಿ

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ರಾಜ್ಯದ ಕೃಷಿ ಸಚಿವರಿಗೆ ಮತ್ತು ಐಟಿ-ಬಿಟಿ ಸಚಿವರಿಗೆ,

ನಮಸ್ಕಾರ.

ಬಯೋಟೆಕ್ ಅಂದ ಕೂಡಲೇ ನಮ್ಮ ರಾಜ್ಯದಲ್ಲಿ ಎಲ್ಲರ ಕಣ್ಣು ಬೆಂಗಳೂರಿನ ಕಡೆ ಹೋಗುತ್ತದೆ. ಬೆಂಗಳೂರು ಮಾಡಿದ್ದು ದೊಡ್ಡದೇ. ಆದರೆ ಹುಬ್ಬಳ್ಳಿ-ಧಾರವಾಡ, ಹಾವೇರಿ, ಗದಗ ಸೇರಿ ಐವತ್ತು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವನ್ನೂ ಯಾರಾದರೂ ಗಟ್ಟಿ ದನಿಯಲ್ಲಿ ಹೇಳಬೇಕಲ್ವಾ? ಈ ಕೆಲಸದಲ್ಲಿ ವಿಜ್ಞಾನಿಗಳಿದ್ದಾರೆ, ಕಾಲೇಜುಗಳಿವೆ, ಬೀಜದ ಕಂಪನಿಗಳಿವೆ, ಈಗ ಸ್ಟಾರ್ಟಪ್‌ಗಳೂ ಬಂದಿವೆ. ಇವರೆಲ್ಲ ಒಟ್ಟಿಗೆ ಕೂತಾಗ ವೇದಿಕೆಯ ಮೇಲೆ ಪಾಲುದಾರರ ಹೆಸರು ಓದುತ್ತಾರೆ. ಆ ಪಟ್ಟಿಯಲ್ಲಿ ಕ್ರಾಸಿಂಗ್ ಮಾಡುವ, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಕೈಯಿಂದಲೇ ಹೂವಿಗೆ ಹೂವು ಕೂಡಿಸುವ ನಮ್ಮ ತಾಲೂಕಿನ ಸಾವಿರಾರು ಹೆಣ್ಣುಮಕ್ಕಳ ಹೆಸರು ಬರಬೇಕು. ಅದನ್ನು ಕೇಳುವುದಕ್ಕೇ ಈ ಪತ್ರ.

ನಾನು ರಾಣೆಬೆನ್ನೂರು ತಾಲೂಕಿನವಳು. ಧಾರವಾಡದಲ್ಲಿ ಕೃಷಿ ಪದವಿ ಓದಿದೆ. ಈಗ ಊರಲ್ಲೇ ಗಂಡನ ಜೊತೆ ಬೀಜದ ಪ್ಲಾಟ್ ಮಾಡುತ್ತೇನೆ, ಅಂದರೆ ಕಂಪನಿಗಳಿಗೆ ಬೀಜ ಬೆಳೆದು ಕೊಡುತ್ತೇನೆ. ಸ್ವಲ್ಪ ಹತ್ತಿ, ಸ್ವಲ್ಪ ನೆಟ್‌ಹೌಸ್ ಟೊಮೆಟೊ, ಉಳಿದದ್ದು ಗೋವಿನಜೋಳ. ಓದಿದ್ದು ಮತ್ತು ಹೊಲ ಎರಡನ್ನೂ ನೋಡಿದವಳಾಗಿ ಬರೆಯುತ್ತಿದ್ದೇನೆ.

ಹತ್ತಿಯಿಂದಲೇ ಶುರು ಮಾಡುತ್ತೇನೆ. 1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಎಚ್-4 ಎಂಬ ಹೈಬ್ರಿಡ್ ಹತ್ತಿ ಬಂತು. ಅದು ಒಂದೇ ಜಾತಿಯ ಎರಡು ಹತ್ತಿಗಳ ಸಂಕರ. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಾತರಕಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಮ್ಮಲ್ಲಿ ಬೆಳೆಯುತ್ತಿದ್ದ ಲಕ್ಷ್ಮಿ ಹತ್ತಿಗೂ ಉದ್ದ ನೂಲಿನ ಬಾರ್ಬಡೆನ್ಸ್ ಜಾತಿಯ ಹತ್ತಿಗೂ ಸಂಬಂಧ ಕೂಡಿಸಿದರು. ಹುಟ್ಟಿದ್ದು ವರಲಕ್ಷ್ಮಿ. ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ಬಂದ ಮೊದಲ ಹೈಬ್ರಿಡ್ ಹತ್ತಿ ಅದು. 1980ರ ದಶಕದ ಆರಂಭದಲ್ಲಿ ಅದೇ ಧಾರವಾಡದಿಂದ ಡಿಸಿಎಚ್-32 ಬಂತು. ಅದಕ್ಕೆ ಜಯಲಕ್ಷ್ಮಿ ಅಂತಲೂ ಹೆಸರು. ಇವತ್ತಿಗೂ ಮಾರುಕಟ್ಟೆಯಲ್ಲಿ ಡಿಸಿಎಚ್ ಹತ್ತಿಗೆ ಬೇರೆಯೇ ದರ ಕೂಗುತ್ತಾರೆ. ನಮ್ಮ ಅಜ್ಜ ಹೆಂಚಿನ ಮನೆ ಕಟ್ಟಿಸಿದ್ದು ವರಲಕ್ಷ್ಮಿ ಬೆಳೆದ ದುಡ್ಡಿನಲ್ಲಿ. ಆ ಮಾತನ್ನು ಅವರು ಸಾಯುವ ತನಕ ಹೇಳುತ್ತಿದ್ದರು.

ಈ ಕಥೆಯನ್ನು ನಿಮ್ಮ ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಬಲ್ಲರು. ಅದರ ಮುಂದಿನ ಭಾಗ ಜಾಸ್ತಿ ಜನ ಹೇಳುವುದಿಲ್ಲ. ಹೈಬ್ರಿಡ್ ಬೀಜವನ್ನು ರೈತ ತನ್ನ ಬೆಳೆಯಲ್ಲೇ ಎತ್ತಿಟ್ಟುಕೊಂಡು ಮುಂದಿನ ವರ್ಷ ಬಿತ್ತಿದರೆ ಬೆಳೆ ಒಂದೇ ತರ ಬರುವುದಿಲ್ಲ. ಹಾಗಾಗಿ ಪ್ರತಿ ವರ್ಷ ತಾಯಿ ಗಿಡ, ತಂದೆ ಗಿಡ ಬೇರೆ ಬೇರೆ ಬೆಳೆಸಿ, ಹೊಸದಾಗಿ ಕೂಡಿಸಿ ಬೀಜ ಮಾಡಬೇಕು. ಹತ್ತಿ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿ ಇರುತ್ತವೆ. ತಾಯಿ ಗಿಡದ ಹೂವಿನಿಂದ ಗಂಡು ಭಾಗವನ್ನು ಕೈಯಿಂದಲೇ ತೆಗೆಯಬೇಕು. ಎಕರೆಗಟ್ಟಲೆ ಹೊಲದಲ್ಲಿ, ಒಂದೊಂದೇ ಹೂವು. ಈ ಕೆಲಸ ಎಲ್ಲಿ ಆಗುತ್ತದೆ ಅಂತ ಕೇಳಿದರೆ ದೇಶದ ಬೀಜ ವ್ಯಾಪಾರಿಗಳೆಲ್ಲ ರಾಣೆಬೆನ್ನೂರಿನ ಹೆಸರು ಹೇಳುತ್ತಾರೆ. ಹತ್ತಿಯಷ್ಟೇ ಅಲ್ಲ, ಟೊಮೆಟೊ, ಮೆಣಸಿನಕಾಯಿ, ಬೆಂಡಿ, ಸೌತೆ, ಎಲ್ಲದರ ಹೈಬ್ರಿಡ್ ಬೀಜ ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ತಯಾರಾಗುತ್ತದೆ.

ಮಧ್ಯಾಹ್ನ ಮೂರರ ಮೇಲೆ ಕೆಲಸ ಶುರು. ಮರುದಿನ ಅರಳುವ ಮೊಗ್ಗನ್ನೇ ಆರಿಸಬೇಕು. ಇವತ್ತೇ ಅರಳಿದ್ದು ನಡೆಯುವುದಿಲ್ಲ, ನಾಡಿದ್ದು ಅರಳುವುದೂ ನಡೆಯುವುದಿಲ್ಲ. ನಮ್ಮ ಅವ್ವ ನನಗೆ ಕಲಿಸುವಾಗ ಹೇಳಿದ್ದು ಇಷ್ಟೇ: "ಮೊಗ್ಗಿನ ಮಾರಿ ನೋಡಿದ್ರ ಸಾಕವ್ವಾ, ನಾಳೆ ಅರಳೂದು ಯಾವುದು ಅಂತ ತಿಳೀತೈತಿ." ಹೆಬ್ಬೆರಳ ಉಗುರನ್ನು ಮೊಗ್ಗಿನ ಬುಡಕ್ಕೆ ಇಟ್ಟು, ಒಂದು ಸುತ್ತು ತಿರುಗಿಸಿ, ಎಸಳು ಮತ್ತು ಕೇಸರವನ್ನು ಒಂದೇ ಸಲ ಕಳಚಬೇಕು. ಒಳಗಿನ ಎಳೆ ಕಾಯಿಗೆ ಉಗುರು ತಾಗಿದರೆ ಅದು ಉದುರಿ ಹೋಗುತ್ತದೆ. ಕೇಸರದ ಒಂದೇ ಒಂದು ಕಾಳು ಉಳಿದರೂ ಹೂವು ತಾನೇ ಕೂಡಿಕೊಂಡು ಬೀಜ ಕಲಬೆರಕೆ ಆಗುತ್ತದೆ. ಕಳಚಿದ ಮೇಲೆ ಗುರುತಿಗೆ ಕೆಂಪು ಕಾಗದ ಹೊದಿಸುತ್ತಾರೆ. ಮರುದಿನ ಮುಂಜಾನೆ ಒಂಬತ್ತರ ಹೊತ್ತಿಗೆ ಗಂಡು ಹೂವು ತಂದು, ಕಾಗದ ತೆಗೆದು, ಮೆಲ್ಲಗೆ ಸವರಿ, ಕಾಯಿಯ ತೊಟ್ಟಿಗೆ ದಾರ ಕಟ್ಟುತ್ತಾರೆ. ಒಂದು ಗಂಡು ಹೂವು ನಾಲ್ಕೈದು ಮೊಗ್ಗಿಗೆ ಸಾಕು. ಮಧ್ಯಾಹ್ನದೊಳಗೆ ಮುಗಿಯಬೇಕು, ಇಲ್ಲದಿದ್ದರೆ ಬಿಸಿಲಿಗೆ ಪರಾಗ ಸತ್ತು ಹೋಗುತ್ತದೆ. ಊಟ ಮಾಡಿ ಮತ್ತೆ ಮೂರಕ್ಕೆ ಮರುದಿನದ ಮೊಗ್ಗು. ಹೀಗೆ ಎರಡು ತಿಂಗಳು, ಹಬ್ಬ ಇರಲಿ, ಮಳೆ ಇರಲಿ, ಒಂದು ದಿನವೂ ಬಿಡುವಂತಿಲ್ಲ.

ಧಾರವಾಡದ ಲ್ಯಾಬಿನಲ್ಲಿ ಇದೇ ಕೆಲಸವನ್ನು ನಾವು ಪ್ರಾಕ್ಟಿಕಲ್ ಕ್ಲಾಸ್ ಅಂತ ಮಾಡಿದೆವು. ನಾಲ್ಕು ಮೊಗ್ಗು ಕಳಚಿ ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬರೆದೆವು, ಅಂಕ ಬಂತು. ಅಕ್ಷರ ಬಾರದ ನಮ್ಮ ಅವ್ವ ಅದನ್ನು ದಿನಕ್ಕೆ ನೂರಾರು ಸಲ ತಪ್ಪಿಲ್ಲದೆ ಮಾಡುತ್ತಿದ್ದಳು. ಹಾಗಾಗಿ ಇದನ್ನು ಯಾರಾದರೂ "ಕೂಲಿ ಕೆಲಸ" ಅಂದರೆ ನನಗೆ ಸಹಿಸಲು ಆಗುವುದಿಲ್ಲ. ಸಸ್ಯ ತಳಿ ವಿಜ್ಞಾನದ ಕೊನೆಯ, ಅತಿ ಸೂಕ್ಷ್ಮದ ಹಂತವನ್ನು ಮಾಡುವವರು ಇವರು. ಇವರ ಉಗುರು ನಿಂತರೆ ಕಾತರಕಿಯವರಂಥವರ ಸಂಶೋಧನೆ ಒಂದು ಚೀಲ ಬೀಜವೂ ಆಗುವುದಿಲ್ಲ.

ಇಲ್ಲಿ ಕಹಿ ಮಾತೂ ಒಂದಿದೆ. ಒಂದು ಕಾಲಕ್ಕೆ ಸಣ್ಣ ಹುಡುಗಿಯರನ್ನು ಶಾಲೆ ಬಿಡಿಸಿ ಕ್ರಾಸಿಂಗಿಗೆ ಕಳಿಸುತ್ತಿದ್ದರು. ಅವರ ಎತ್ತರ ಹತ್ತಿ ಗಿಡಕ್ಕೆ ಸರಿ ಹೊಂದುತ್ತದೆ, ಬೆರಳು ಸಣ್ಣವು ಅನ್ನುವುದೇ ಕಾರಣ. ಅದು ತಪ್ಪು, ಆಗಲೂ ತಪ್ಪೇ. ಸಂಭ್ರಮದ ದಿನ ಅದನ್ನು ಮುಚ್ಚಿಡುವುದು ನನಗೆ ಬೇಡ. ಈ ಕೆಲಸಕ್ಕೆ ಮರ್ಯಾದೆ, ಒಳ್ಳೆಯ ಪಗಾರ ಬಂದಷ್ಟೂ ದೊಡ್ಡವರು ಇದನ್ನು ಮಾಡುತ್ತಾರೆ, ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ.

ಹತ್ತಿ ಬಿಟ್ಟು ಶೇಂಗಾಕ್ಕೆ ಬರುತ್ತೇನೆ. ಜಿಪಿಬಿಡಿ-4 ನಿಮ್ಮ ವಿಶ್ವವಿದ್ಯಾಲಯದ ತಳಿ. ತುಕ್ಕು ರೋಗ, ಎಲೆಚುಕ್ಕೆ ರೋಗ ಎರಡನ್ನೂ ತಡೆಯುತ್ತದೆ. ಪಕ್ಕದ ಹೊಲದ ಶೇಂಗಾ ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿರುವಾಗ ಇದು ಹಸಿರಾಗಿ ಇರುವುದನ್ನು ನಾನೇ ನೋಡಿದ್ದೇನೆ. ದನಕ್ಕೆ ಹೊಟ್ಟೂ ಒಳ್ಳೆಯದು ಸಿಗುತ್ತದೆ, ರೈತರಿಗೆ ಅದು ಸಣ್ಣ ಮಾತಲ್ಲ. ಆ ರೋಗ ತಡೆಯುವ ಗುಣ ಬಂದದ್ದು ದಕ್ಷಿಣ ಅಮೆರಿಕದ ಒಂದು ಕಾಡು ಶೇಂಗಾದಿಂದ. ಅದನ್ನು ಊರ ಶೇಂಗಾದ ಜೊತೆ ಕೂಡಿಸಿ ಬಂದ ಒಂದು ತಳಿ ಸಾಲು ಹೈದರಾಬಾದಿನ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿತ್ತು. ಧಾರವಾಡದವರು ಅದನ್ನು ಬಳಸಿ ಜಿಪಿಬಿಡಿ-4 ಮಾಡಿದರು. ಆಮೇಲೆ ಧಾರವಾಡ ಮತ್ತು ಇಕ್ರಿಸ್ಯಾಟ್ ಸೇರಿ ಆ ಗುಣ ಡಿಎನ್‌ಎಯಲ್ಲಿ ಎಲ್ಲಿ ಕೂತಿದೆ ಎಂದು ಹುಡುಕಿದರು. ಅದರ ಗುರುತು ಹಿಡಿದು ಇಕ್ರಿಸ್ಯಾಟ್ ವಿಜ್ಞಾನಿಗಳು ಜೆಎಲ್-24, ಟಿಎಜಿ-24ರಂಥ ಹೆಸರಾದ ತಳಿಗಳಿಗೂ ತುಕ್ಕು ತಡೆಯುವ ಗುಣವನ್ನು ದಾಟಿಸಿದರು. ಹೈದರಾಬಾದ್ ಕೊಟ್ಟಿತು, ಧಾರವಾಡ ಬೆಳೆಸಿತು, ಮತ್ತೆ ಹೈದರಾಬಾದಿಗೆ ಹೋಯಿತು, ಕೊನೆಗೆ ದೇಶದ ಹೊಲಗಳಿಗೆ. ಪಾಲುದಾರಿಕೆ ಅಂದರೆ ಇದು ಅಂತ ನಾನು ತಿಳಿದಿದ್ದೇನೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಒಂದು ಬೂಷ್ಟಿನ ಕಥೆ. 2018ರಲ್ಲಿ ನಮ್ಮ ದೇಶದಲ್ಲಿ ಫಾಲ್ ಸೈನಿಕ ಹುಳು ಮೊದಲು ಕಂಡದ್ದು ಕರ್ನಾಟಕದಲ್ಲೇ. ಗೋವಿನಜೋಳದ ಸುಳಿಯೊಳಗೆ ಕೂತು ತಿನ್ನುತ್ತದೆ. ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ ಇಲ್ಲದ ಊರೇ ಇಲ್ಲ. ಎಲ್ಲರಿಗೂ ಎದೆ ಒಡೆದಂತಾಯಿತು. ಸಿಕ್ಕ ಸಿಕ್ಕ ಔಷಧ ಹೊಡೆದರು. ಅಂಗಡಿಯವನು ಕೊಟ್ಟದ್ದೇ ಔಷಧ, ಹೇಳಿದ್ದೇ ಅಳತೆ.

ನಿಮ್ಮ ವಿಜ್ಞಾನಿಗಳ ಹತ್ತಿರ ಅಷ್ಟರಲ್ಲಾಗಲೇ ಒಂದು ಉತ್ತರ ಇತ್ತು. ಸೋಯಾ, ಶೇಂಗಾ ಹೊಲಗಳಲ್ಲಿ ಮಳೆಗಾಲದ ಮಧ್ಯೆ ಕೆಲವು ಹುಳುಗಳು ಎಲೆಯ ತುದಿಗೆ ಹತ್ತಿ ಅಲ್ಲೇ ಸೆಟೆದು ಸತ್ತಿರುತ್ತವೆ. ಮೊದಲು ಬೆಳ್ಳಗೆ, ಆಮೇಲೆ ತಿಳಿ ಹಸಿರು ಪುಡಿ ಮೆತ್ತಿಕೊಂಡಂತೆ. ನಮ್ಮ ಹಿರಿಯರೂ ನೋಡಿದ್ದರು, ಆದರೆ ಯಾಕೆ ಅಂತ ಗೊತ್ತಿರಲಿಲ್ಲ. ಅದು ಮೆಟಾರೈಜಿಯಂ ರಿಲೈ ಅನ್ನುವ ಶಿಲೀಂಧ್ರ. ನಾನು ಓದುವಾಗ ಪುಸ್ತಕದಲ್ಲಿ ಅದರ ಹೆಸರು ನೊಮುರಿಯಾ ರಿಲೈ ಅಂತಿತ್ತು. ಅದರ ಬೀಜಕಣ ಹುಳುವಿನ ಚರ್ಮದ ಮೇಲೆ ಬಿದ್ದು, ಮೊಳೆತು, ಒಳಗೆ ಇಳಿದು, ಮೈಯೆಲ್ಲ ಹಬ್ಬುತ್ತದೆ. ಸತ್ತ ಹುಳುವಿನ ಮೇಲಿನ ಹಸಿರು ಪುಡಿ ಗಾಳಿಗೆ ಹಾರಿ ಮತ್ತೊಂದು ಹುಳುವಿಗೆ ತಗಲುತ್ತದೆ. ಧಾರವಾಡದಲ್ಲಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ಆಗಿತ್ತು. ಧಾನ್ಯದ ನುಚ್ಚಿನ ಮೇಲೆ ಇದನ್ನು ಬೆಳೆಸುವ ಸರಳ ದಾರಿಯೂ ಗೊತ್ತಿತ್ತು. ಸೈನಿಕ ಹುಳು ಬಂದಾಗ ಅದಕ್ಕೂ ಇದು ತಗಲುತ್ತದೆ ಎಂದು ಕಂಡಿತು.

ನಮ್ಮ ಹೊಲದಲ್ಲೂ ಸಂಜೆ ಹೊತ್ತು ಸುಳಿಗೆ ಬೀಳುವಂತೆ ಸಿಂಪಡಿಸಿದೆವು. ಒಂದು ವಾರ ಏನೂ ಕಾಣಲಿಲ್ಲ. ಪಕ್ಕದ ಹೊಲದ ಕಾಕಾ ದಿನಾ ಬಂದು "ಏನವ್ವಾ, ನಿನ್ನ ಬೂಷ್ಟು ಹುಳ ತಿಂತೋ, ಹುಳಾನ ಬೂಷ್ಟು ತಿಂತೋ?" ಅಂತ ಕೇಳುತ್ತಿದ್ದರು. ಆಮೇಲೆ ಸುಳಿಗಳಲ್ಲಿ ಸೆಟೆದ ಹುಳು ಕಾಣಲು ಶುರುವಾದವು. ಮುಂದಿನ ವರ್ಷ ಕಾಕಾ ತಾವೇ ಪ್ಯಾಕೆಟ್ ತರಿಸಿದರು. ಎಲ್ಲ ಕಾಲಕ್ಕೂ ಇದು ನಡೆಯುವುದಿಲ್ಲ ಅಂತಲೂ ಹೇಳಬೇಕು. ಗಾಳಿಯಲ್ಲಿ ತೇವ ಬೇಕು. ಮಳೆ ಕೈಕೊಟ್ಟ ವರ್ಷ ಇದರ ಕೆಲಸ ಕಡಿಮೆ. ಆದರೆ ಜೇನಿಗೆ, ಮಿತ್ರ ಕೀಟಗಳಿಗೆ, ಸಿಂಪಡಿಸುವ ಮನುಷ್ಯನಿಗೆ ತೊಂದರೆ ಮಾಡುವುದಿಲ್ಲ. ಔಷಧ ಹೊಡೆದು ಬಂದ ರಾತ್ರಿ ತಲೆ ಸುತ್ತಿ ಮಲಗಿದ ಮನೆಯವರನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ನಮ್ಮ ಭಾಗಕ್ಕೆ ದೇವರು ಕೊಟ್ಟ ಅನುಕೂಲ ಒಂದಿದೆ: ಎಲ್ಲವೂ ಹತ್ತಿರ ಹತ್ತಿರ ಇವೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಿವಿಬಿ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಅಲ್ಲಿ ಬಯೋಟೆಕ್ನಾಲಜಿ ವಿಭಾಗ ಇದೆ. ಹತ್ತಿರದಲ್ಲೇ 1957ರಿಂದ ಇರುವ ಸರ್ಕಾರಿ ವೈದ್ಯಕೀಯ ಕಾಲೇಜು, ನಾವೆಲ್ಲ ಕಿಮ್ಸ್ ಅನ್ನುವುದು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿದರೆ ದಾರಿಯಲ್ಲಿ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ. ಧಾರವಾಡಕ್ಕೆ ಇಳಿದರೆ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐಐಟಿ. ಹೊಲ, ಲ್ಯಾಬು, ಆಸ್ಪತ್ರೆ, ಯಂತ್ರ ಮಾಡುವ ಹುಡುಗರು ಒಂದೇ ದಿನದಲ್ಲಿ ಭೇಟಿಯಾಗಿ ಸಂಜೆ ಮನೆ ಸೇರಬಹುದಾದ ಜಾಗ ದೇಶದಲ್ಲಿ ಎಷ್ಟಿವೆ?

ಈ ಹತ್ತಿರ ಈಗ ಕೆಲಸಕ್ಕೆ ಬರುತ್ತಿದೆ. ಕೇಂದ್ರದ ರಫ್ತಾರ್ ಯೋಜನೆಯಲ್ಲಿ ಕೃಷಿ ಸ್ಟಾರ್ಟಪ್‌ಗಳನ್ನು ಬೆಳೆಸಲು ಇಡೀ ದೇಶದಲ್ಲಿ 5 ಜ್ಞಾನ ಪಾಲುದಾರ ಸಂಸ್ಥೆಗಳನ್ನು ಆರಿಸಿದಾಗ ಹೈದರಾಬಾದ್, ಜೈಪುರ, ದೆಹಲಿ, ಜೋರ್ಹಾಟ್ ಜೊತೆಗೆ ಧಾರವಾಡವೂ ಇತ್ತು. ಅದರಡಿ ನಿಮ್ಮ ಆವರಣದಲ್ಲಿ ಹೊಸ ಉದ್ಯಮಗಳನ್ನು ಬೆಳೆಸುವ ಕೃಷಿಕ್ ಇನ್‌ಕ್ಯುಬೇಟರ್ ಶುರುವಾಯಿತು. ಎರಡು ತಿಂಗಳ ತರಬೇತಿ, ತಿಂಗಳಿಗೆ 10,000 ರೂಪಾಯಿ ಭತ್ಯೆ, ಐಡಿಯಾ ಹಂತದಲ್ಲಿ 5 ಲಕ್ಷದವರೆಗೆ, ಮುಂದಿನ ಹಂತದಲ್ಲಿ 25 ಲಕ್ಷದವರೆಗೆ ನೆರವು. ಹುಬ್ಬಳ್ಳಿಯಲ್ಲಿ ಅಂಥದ್ದೇ ಇನ್ನೊಂದು ಕೇಂದ್ರ, ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ನಮ್ಮೂರ ಹುಡುಗರು ಇಂಥ ಜಾಗಕ್ಕೆ ಹೋಗಿ ಬಂದು, ಊರ ಕಟ್ಟೆಯ ಮೇಲೆ ಮಾತಾಡುವ ಮಾತೇ ಬದಲಾಗಿದೆ. ಮೊದಲು "ಬೆಂಗಳೂರಿಗೆ ಹೋಗ್ತೀನಿ" ಅನ್ನುತ್ತಿದ್ದವರು ಈಗ "ಇಲ್ಲೇ ಏನಾರ ಮಾಡೂಣು" ಅನ್ನುತ್ತಾರೆ. ಇದಕ್ಕೆ ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಒಟ್ಟಿಗೆ ದುಡಿಯುವುದು ಈ ನೆಲಕ್ಕೆ ಹೊಸದೂ ಅಲ್ಲ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ಅಲ್ಲಿ ಸಣ್ಣ ರೈತನೂ ಸದಸ್ಯ. ಅವನಿಗೂ ಮಾತಾಡುವ ಹಕ್ಕು ಇತ್ತು. ನಾನು ಕೇಳುವುದು ಅದರದ್ದೇ ಮುಂದುವರಿಕೆ.

ಮೊದಲನೆಯದಾಗಿ, ಮುಂದಿನ ಕೃಷಿ ಮೇಳದ ವೇದಿಕೆಗೆ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳನ್ನು ಕರೆಯಿರಿ. ಶ್ರೇಷ್ಠ ಕೃಷಿಕ, ಶ್ರೇಷ್ಠ ಕೃಷಿ ಮಹಿಳೆ ಅಂತ ಸನ್ಮಾನ ಮಾಡುತ್ತೀರಿ, ಸಂತೋಷ. ಅದರ ಜೊತೆ ಬೀಜೋತ್ಪಾದನೆಯ ಕೈಚಳಕಕ್ಕೂ ಒಂದು ಸನ್ಮಾನ ಇರಲಿ. ಹನುಮನಮಟ್ಟಿಯಲ್ಲಿ ನಿಮ್ಮದೇ ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಇವೆ. ಅಲ್ಲಿ ಇವರಿಗೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಿ. ಕೈಯಲ್ಲಿ ಸರ್ಟಿಫಿಕೇಟ್ ಇದ್ದ ಹೆಣ್ಣುಮಗಳು ಪಗಾರ ಕೇಳುವಾಗ ತಲೆ ಎತ್ತಿ ಕೇಳುತ್ತಾಳೆ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಎರಡನೆಯದು ನನಗೆ ಹೆಚ್ಚು ಮುಖ್ಯ. ನಾವು ಬೆಳೆದ ಬೀಜ ಶುದ್ಧ ಇದೆಯೋ ಇಲ್ಲವೋ ಎಂದು ನೋಡಲು ಕಂಪನಿಗಳು ಅದನ್ನು ಹೊಲದಲ್ಲಿ ಬಿತ್ತಿ, ಗಿಡ ಬೆಳೆದು ಹೂ ಬಿಡುವ ತನಕ ಕಾಯುತ್ತವೆ. ಜಿಒಟಿ ಅನ್ನುತ್ತಾರೆ. ಹತ್ತಿಯಲ್ಲಿ ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಲ್ಲಿಯ ತನಕ ಪೂರ್ತಿ ದುಡ್ಡು ಕೈಗೆ ಬರುವುದಿಲ್ಲ. ಒಂದು ವರ್ಷ ನಮ್ಮ ಲಾಟ್ ಜಿಒಟಿಯಲ್ಲಿ ಫೇಲ್ ಅಂದರು. ಯಾವ ಗಿಡ ನೋಡಿ ಫೇಲ್ ಅಂದರು, ಎಲ್ಲಿ ಬಿತ್ತಿದ್ದರು, ಕೇಳಿದರೆ ಕಂಪನಿಗೂ ನಮಗೂ ನಡುವೆ ಇರುವ ಆರ್ಗನೈಸರ್ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಪ್ಲಾಟಿನಲ್ಲಿ ದುಡಿದ ಹದಿನೆಂಟು ಜನರ ಪಗಾರ ನಾವು ಸಾಲ ಮಾಡಿ ಕೊಟ್ಟೆವು. ಅವರ ಕೆಲಸದಲ್ಲಿ ತಪ್ಪಿಲ್ಲ ಅಂತ ನನಗೆ ಗೊತ್ತಿತ್ತು. ಸಾಬೀತು ಮಾಡಲು ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ.

ಇದಕ್ಕೆ ವಿಜ್ಞಾನದಲ್ಲಿ ದಾರಿ ಇದೆ, ನೀವೇ ನಮಗೆ ಕಲಿಸಿದ್ದು. ಮೊಳಕೆಯ ಎಲೆಯಿಂದ ಡಿಎನ್‌ಎ ತೆಗೆದು, ತಾಯಿಯ ಗುರುತು ತಂದೆಯ ಗುರುತು ಎರಡೂ ಇವೆಯೇ ಎಂದು ಡಿಎನ್‌ಎಯ ಗುರುತು ಹಿಡಿಯುವ ಮಾರ್ಕರ್‌ನಿಂದ ನೋಡಿದರೆ ಕೆಲವೇ ದಿನಗಳಲ್ಲಿ ಬೀಜದ ಶುದ್ಧತೆ ತಿಳಿಯುತ್ತದೆ. ಶೇಂಗಾದ ರೋಗ ತಡೆಯುವ ಗುಣವನ್ನು ಮಾರ್ಕರ್‌ನಿಂದ ಹುಡುಕಿದ ಧಾರವಾಡಕ್ಕೆ ಇದು ಹೊಸ ವಿದ್ಯೆಯಲ್ಲ. ನಮ್ಮ ಕೋರಿಕೆ ಇಷ್ಟು: ಕಂಪನಿ ಬೀಜ ಒಯ್ಯುವಾಗ ಅದೇ ಲಾಟಿನ ಇನ್ನೊಂದು ಸ್ಯಾಂಪಲ್ ಸೀಲ್ ಮಾಡಿ ಹನುಮನಮಟ್ಟಿಯಲ್ಲಿ ಇಡುವ ವ್ಯವಸ್ಥೆ ಆಗಲಿ. ತಕರಾರು ಬಂದರೆ ರೈತ ಶುಲ್ಕ ಕಟ್ಟಿ ನಿಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವಂತಿರಲಿ. ಆ ವರದಿಗೆ ಬೆಲೆ ಇರುವಂತೆ ಸರ್ಕಾರ ಒಂದು ಆದೇಶ ಮಾಡಲಿ. ಒಳ್ಳೆಯ ಕಂಪನಿಗಳಿಗೂ ಇದರಿಂದ ಲಾಭವೇ, ಅವರ ಬೀಜದ ಮೇಲೆ ನಂಬಿಕೆ ಹೆಚ್ಚುತ್ತದೆ. ಇಂಥ ಯಂತ್ರ, ಕಿಟ್ ಕಡಿಮೆ ಖರ್ಚಿನಲ್ಲಿ ಮಾಡುವುದಾದರೆ ಹುಬ್ಬಳ್ಳಿಯ ಸ್ಟಾರ್ಟಪ್ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದು?

ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆಯೂ ಒಂದು ಮಾತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಬಂತು. ಅದರ ಬಣ್ಣಕ್ಕೆ ಇರುವ ಬೇಡಿಕೆ ಜಗತ್ತಿಗೇ ಗೊತ್ತು. ಆದರೆ ಮುಟುರು ರೋಗ, ಕರಿ ನುಸಿ ಬಂದಾಗ ರೈತ ಒಬ್ಬನೇ ಆಗುತ್ತಾನೆ. ದೇವಿಹೊಸೂರಿನ ತೋಟಗಾರಿಕೆ ಕೇಂದ್ರ, ನಿಮ್ಮ ಕೀಟ ವಿಜ್ಞಾನಿಗಳು, ಬ್ಯಾಡಗಿ ಮಾರುಕಟ್ಟೆಯ ವರ್ತಕರು ಮೂವರೂ ಒಂದೇ ಮೇಜಿನ ಸುತ್ತ ಕೂರಬೇಕು. ಅದರ ಬಗ್ಗೆ ಬೆಳೆಗಾರರೇ ನನಗಿಂತ ಚೆನ್ನಾಗಿ ಬರೆದಾರು.

ಕೊನೆಗೆ ಒಂದು ಆಮಂತ್ರಣ. ಮುಂಗಾರು ಹತ್ತಿಯ ಕ್ರಾಸಿಂಗ್ ಆಗಸ್ಟ್ ಕೊನೆಯಿಂದ ಜೋರಾಗುತ್ತದೆ. ಕುಲಪತಿಗಳು, ಸಚಿವರು, ಕೃಷಿಕ್‌ನ ಹುಡುಗರು, ಬಯೋಟೆಕ್ ವಿದ್ಯಾರ್ಥಿಗಳು ಎಲ್ಲರೂ ಬನ್ನಿ. ಸಭೆ, ಹಾರ, ಮೈಕು ಏನೂ ಬೇಡ. ಮಧ್ಯಾಹ್ನ ಮೂರಕ್ಕೆ ಬಂದರೆ ಮೊಗ್ಗು ಕಳಚುವುದು ನೋಡಬಹುದು, ಕೂಡಿಸುವುದು ನೋಡಬೇಕಾದರೆ ರಾತ್ರಿ ನಮ್ಮೂರಲ್ಲೇ ಉಳಿಯಬೇಕು. ರೊಟ್ಟಿ, ಪಲ್ಯೆ, ಮಲಗಲು ಜಾಗ ನಮ್ಮದು. ಪ್ರಶ್ನೆ ಕೇಳುವುದಿದ್ದರೆ ನನ್ನನ್ನು ಕೇಳಬೇಡಿ, ನಮ್ಮ ಅವ್ವ ಮತ್ತು ಅವಳ ಜೊತೆಯವರನ್ನು ಕೇಳಿ. ಅವರ ಹೆಸರುಗಳನ್ನು ಬರೆದುಕೊಂಡು ಹೋಗಿ. ಮೇಳದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲು ಬಂದರೆ ಇನ್ನೂ ಒಳ್ಳೆಯದು.

ಇಂತಿ ನಿಮ್ಮ,
ರಾಣೆಬೆನ್ನೂರು ತಾಲೂಕಿನ ಒಬ್ಬ ಬೀಜ ಬೆಳೆಗಾರ್ತಿ